ನಮ್ಮೂರ ನೀರು ತೊಂಬತ್ತೇಳಕ್ಕೇ ಕುದಿಯುತ್ತದೆ

ಪುಸ್ತಕ ನೂರು ಎನ್ನುತ್ತದೆ, ಥರ್ಮಾಮೀಟರ್ ತೊಂಬತ್ತೇಳು ಎನ್ನುತ್ತದೆ. ಮಗು ಯಾವುದನ್ನು ಬರೆಯಬೇಕು? ಶಾಲೆಗಳು ಮತ್ತೆ ಬಾಗಿಲು ತೆರೆಯುವ ಜೂನ್, ಭೌತಶಾಸ್ತ್ರದ ಮೇಷ್ಟ್ರು ಎಚ್. ನರಸಿಂಹಯ್ಯನವರು ಹುಟ್ಟಿದ ತಿಂಗಳೂ ಹೌದು. ಚಿಕ್ಕಬಳ್ಳಾಪುರ ಜಿಲ್ಲೆಯ ದ್ರಾಕ್ಷಿ ತೋಟ, ರೇಷ್ಮೆ ಹುಳು ಮನೆ, ಬೆಟ್ಟ, ಬಯಲನ್ನೇ ಪ್ರಯೋಗಶಾಲೆ ಮಾಡಿಕೊಳ್ಳುವುದು ಹೇಗೆ? ಕೈ ಸುಡಬಾರದು, ಪ್ರಶ್ನೆ ಆರಬಾರದು!

ಎಂಟನೇ ಕ್ಲಾಸು. ಚಿಕ್ಕಬಳ್ಳಾಪುರದ ಒಂದು ಹೈಸ್ಕೂಲಿನ ಕೊನೆಯ ಕೋಣೆ. ಬಾಗಿಲ ಮೇಲೆ ‘ಪ್ರಯೋಗಶಾಲೆ’ ಎಂಬ ಬೋರ್ಡು. ಒಳಗೆ ಒಂದು ಬೀರು, ಅದಕ್ಕೊಂದು ಬೀಗ. ಆ ಬೀಗ ತೆಗೆಯುವ ಅಪರೂಪದ ದಿನ ಅದು. ಮೇಜಿನ ಮೇಲೆ ಸ್ಪಿರಿಟ್ ದೀಪ, ಮುಕ್ಕಾಲಿ, ತಂತಿ ಜಾಲರಿ, ಬೀಕರಿನಲ್ಲಿ ನೀರು. ಸುತ್ತ ಅರವತ್ತು ತಲೆ.

ತಳದಿಂದ ಸಣ್ಣ ಗುಳ್ಳೆಗಳೆದ್ದವು. ಆಮೇಲೆ ದೊಡ್ಡವು. ಆಮೇಲೆ ಕೊತಕೊತ ಕುದಿ. ಥರ್ಮಾಮೀಟರ್ ಹಿಡಿದವನು ನಾನೇ. ಪಾದರಸ ತೊಂಬತ್ತು ದಾಟಿತು, ತೊಂಬತ್ತೈದು ದಾಟಿತು, ತೊಂಬತ್ತೇಳಕ್ಕೆ ಬಂದು ನಿಂತೇಬಿಟ್ಟಿತು. ನೀರು ಕುದಿಯುತ್ತಲೇ ಇತ್ತು, ಪಾದರಸ ಕದಲಲಿಲ್ಲ.

“ನೂರು ಆಯ್ತೇನೋ?”

“ತೊಂಬತ್ತೇಳು ಸಾರ್.”

“ಸರಿಯಾಗಿ ನೋಡೋ.”

ಸರಿಯಾಗಿ ನೋಡಿದೆ. ತೊಂಬತ್ತೇಳೇ. ಮೇಷ್ಟ್ರು ಬಗ್ಗಿ ತಾವೂ ನೋಡಿದರು. ಒಂದು ಗಳಿಗೆ ಸುಮ್ಮನಿದ್ದು, “ಹಳೇ ಥರ್ಮಾಮೀಟರು. ನೂರು ಅಂತ ಬರ್ಕೊಳ್ಳಿ” ಎಂದರು. ಅರವತ್ತು ಪೆನ್ನುಗಳು ನೂರು ಎಂದು ಬರೆದವು. ರೆಕಾರ್ಡ್ ಪುಸ್ತಕಕ್ಕೆ ಕೆಂಪು ಶಾಯಿಯ ರೈಟ್ ಮಾರ್ಕೂ ಬಿತ್ತು.

ಮೇಷ್ಟ್ರು ಒಳ್ಳೆಯವರೇ. ಪರೀಕ್ಷೆಯಲ್ಲಿ ಕೇಳುವುದು ನೂರನ್ನೇ ಎಂದು ಅವರಿಗೆ ಗೊತ್ತಿತ್ತು. ಥರ್ಮಾಮೀಟರೂ ಒಳ್ಳೆಯದೇ ಎಂದು ನನಗೆ ಗೊತ್ತಾಗಿದ್ದು ಎಷ್ಟೋ ವರ್ಷದ ಮೇಲೆ.

ಬೆಟ್ಟ ಹತ್ತಿದರೆ ಬೇಳೆ ಬೇಯದು

ನೀರು ನೂರು ಡಿಗ್ರಿಗೆ ಕುದಿಯುವುದು ಸಮುದ್ರಮಟ್ಟದಲ್ಲಿ. ಮಂಗಳೂರಿನ ಮಗು ನೂರು ಎಂದು ಬರೆದರೆ ಸರಿ. ಮೇಲೆ ಹೋದಂತೆ ಗಾಳಿಯ ಒತ್ತಡ ಕಡಿಮೆಯಾಗುತ್ತದೆ, ನೀರನ್ನು ಅದುಮಿ ಹಿಡಿಯುವ ಕೈ ಸಡಿಲವಾಗುತ್ತದೆ, ನೀರು ಬೇಗ ಆವಿಯಾಗಿ ಏಳುತ್ತದೆ. ಅಂದಾಜಿಗೆ 300 ಮೀಟರ್ ಏರಿದರೆ ಕುದಿಬಿಂದು ಒಂದು ಡಿಗ್ರಿ ಇಳಿಯುತ್ತದೆ ಎಂದಿಟ್ಟುಕೊಳ್ಳಿ. ಚಿಕ್ಕಬಳ್ಳಾಪುರ ಸುಮಾರು 915 ಮೀಟರ್ ಎತ್ತರದಲ್ಲಿದೆ. ನೂರರಲ್ಲಿ ಮೂರು ಕಳೆಯಿರಿ.

ಪಕ್ಕದ ನಂದಿ ಬೆಟ್ಟ 1478 ಮೀಟರ್. ಅಲ್ಲಿ ನೀರು 95ಕ್ಕೇ ಕುದಿಯುತ್ತದೆ. ತೆರೆದ ಪಾತ್ರೆಯಲ್ಲಿ ಬೇಳೆಗಿಟ್ಟರೆ ಕುದಿಯುವುದು ಬೇಗ, ಬೇಯುವುದು ತಡ. ಕುಕ್ಕರಿನ ಮುಚ್ಚಳ ಹಾಕಿ ಒತ್ತಡ ಏರಿಸಿದಾಗ ನೀರು 120ರ ಹತ್ತಿರಕ್ಕೆ ಹೋಗುತ್ತದೆ. ಸೀಟಿ ಕೂಗುವ ಪ್ರತಿ ಅಡುಗೆಮನೆಯಲ್ಲೂ ಒತ್ತಡದ ಪಾಠ ದಿನಾ ನಡೆಯುತ್ತಿದೆ.

ಅಂದರೆ ಅಂದು ಆ ಕೋಣೆಯಲ್ಲಿ ಕೆಲಸ ಕೆಡದಿದ್ದದ್ದು ಥರ್ಮಾಮೀಟರ್ ಒಂದೇ. ಮೂರು ಡಿಗ್ರಿ ಎಲ್ಲಿ ಹೋಯಿತು ಎಂದು ಒಬ್ಬರು ಕೇಳಿದ್ದರೆ ಅರವತ್ತು ಮಕ್ಕಳು ನಂದಿ ಬೆಟ್ಟವನ್ನು ಬೇರೆಯೇ ಕಣ್ಣಲ್ಲಿ ನೋಡುತ್ತಿದ್ದರು.

> ನಾಲ್ಕು ಊರು, ಒಂದು ಗ್ರಾಫು
>
> ನಾಲ್ಕು ತಾಲ್ಲೂಕಿನ ನಾಲ್ಕು ಶಾಲೆಗಳು ಒಂದೇ ದಿನ ನೀರು ಕುದಿಸಿ, ಉತ್ತರವನ್ನು ವಾಟ್ಸ್ಆ್ಯಪಿನಲ್ಲಿ ಹಂಚಿಕೊಳ್ಳಲಿ.
>
> ಗೌರಿಬಿದನೂರು: ಸುಮಾರು 690 ಮೀಟರ್, 98ಕ್ಕೆ ಸ್ವಲ್ಪ ಕಡಿಮೆ
> ಚಿಂತಾಮಣಿ: ಸುಮಾರು 860 ಮೀಟರ್, 97ರ ಆಸುಪಾಸು
> ಶಿಡ್ಲಘಟ್ಟ: ಸುಮಾರು 880 ಮೀಟರ್, 97ರ ಆಸುಪಾಸು
> ಚಿಕ್ಕಬಳ್ಳಾಪುರ: ಸುಮಾರು 915 ಮೀಟರ್, 97
>
> ಚಿಂತಾಮಣಿಗೂ ಶಿಡ್ಲಘಟ್ಟಕ್ಕೂ ಇರುವ ವ್ಯತ್ಯಾಸ ಶಾಲೆಯ ಥರ್ಮಾಮೀಟರಿಗೆ ಕಾಣುವುದಿಲ್ಲ. ಉಪಕರಣಕ್ಕೂ ಒಂದು ಮಿತಿ ಇದೆ ಎಂಬುದು ಇದೇ ಪ್ರಯೋಗದ ಎರಡನೇ ಪಾಠ.

ಹೊಸೂರಿನಿಂದ ನಡೆದು ಹೊರಟವರು

ಪ್ರಶ್ನೆ ಕೇಳು ಎಂದು ಇಡೀ ಜೀವಮಾನ ಹೇಳಿದವರೊಬ್ಬರು ಇದೇ ಸೀಮೆಯವರು. ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ 1920ರ ಜೂನ್ 6ರಂದು ಬಡ ಕುಟುಂಬದಲ್ಲಿ ಹುಟ್ಟಿದ ಎಚ್. ನರಸಿಂಹಯ್ಯ. 1935ರಲ್ಲಿ ಓದಬೇಕೆಂದು ಊರಿನಿಂದ ಬೆಂಗಳೂರಿಗೆ ನಡೆದೇ ಹೋದರು. ನ್ಯಾಷನಲ್ ಹೈಸ್ಕೂಲು ಸೇರಿದರು. ಮರುವರ್ಷ ಗಾಂಧೀಜಿ ಆ ಶಾಲೆಗೆ ಬಂದಾಗ ಅವರ ಹಿಂದಿ ಭಾಷಣವನ್ನು ಕನ್ನಡಕ್ಕೆ ಹೇಳಿದ್ದು ಈ ಹಳ್ಳಿ ಹುಡುಗನೇ.

ಮುಂದೆ ಭೌತಶಾಸ್ತ್ರದ ಮೇಷ್ಟ್ರಾದರು. ಅಮೆರಿಕದ ಓಹಿಯೊ ಸ್ಟೇಟ್ ವಿಶ್ವವಿದ್ಯಾಲಯದಿಂದ ಪರಮಾಣು ಭೌತವಿಜ್ಞಾನದಲ್ಲಿ ಡಾಕ್ಟರೇಟ್ ಪಡೆದು ಬಂದ ಮೇಲೂ ತಾವು ಕಲಿಸುತ್ತಿದ್ದ ಕಾಲೇಜಿನ ಹಾಸ್ಟೆಲ್ಲಿನ ಕೋಣೆ ಬಿಡಲಿಲ್ಲ. 1962ರಲ್ಲಿ ಬೆಂಗಳೂರು ಸೈನ್ಸ್ ಫೋರಂ ಕಟ್ಟಿ ಜನಸಾಮಾನ್ಯರಿಗೆ ವಿಜ್ಞಾನದ ಉಪನ್ಯಾಸ ಶುರುಮಾಡಿದರು. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ, 1976ರಲ್ಲಿ, ಪವಾಡಗಳನ್ನು ಪರೀಕ್ಷಿಸುವ ಸಮಿತಿ ರಚಿಸಿ ದೇಶವೇ ತಿರುಗಿ ನೋಡುವಂತೆ ಮಾಡಿದರು. ಗೌರಿಬಿದನೂರಿನಲ್ಲಿ, ಬಾಗೇಪಲ್ಲಿಯಲ್ಲಿ ನ್ಯಾಷನಲ್ ಕಾಲೇಜುಗಳು ಬಂದದ್ದರ ಹಿಂದೆಯೂ ಅವರಿದ್ದರು. ಆತ್ಮಕಥೆಗೆ ಇಟ್ಟ ಹೆಸರು ‘ಹೋರಾಟದ ಹಾದಿ’.

ಈ ಜಿಲ್ಲೆಗೆ ಇಂಥ ಹೆಸರುಗಳ ಬರ ಇಲ್ಲ. ಸರ್ ಎಂ. ವಿಶ್ವೇಶ್ವರಯ್ಯ ಮುದ್ದೇನಹಳ್ಳಿಯವರು. ಭಾರತರತ್ನ ಸಿ.ಎನ್.ಆರ್. ರಾವ್ ಹುಟ್ಟಿದ್ದು ಬೆಂಗಳೂರಿನಲ್ಲಾದರೂ ಅವರ ಪೂರ್ತಿ ಹೆಸರಿನ ಮೊದಲ ಪದವೇ ಚಿಂತಾಮಣಿ. ಇಷ್ಟೆಲ್ಲ ಇದ್ದೂ ಶಾಲೆಯ ಗೋಡೆಯ ಮೇಲೆ ಇವರ ಫೋಟೊ ತೂಗುಹಾಕಿ, ಕೆಳಗೆ ಕೂತ ಮಗುವಿಗೆ “ನೂರು ಅಂತ ಬರ್ಕೋ” ಎಂದರೆ ಫೋಟೊಗೆ ಹಾಕಿದ ಹಾರ ದಂಡ.

ಮೈಲುತುತ್ತ, ಸುಣ್ಣ, ಕುಡುಗೋಲು

ಹತ್ತನೇ ಕ್ಲಾಸಿನ ವಿಜ್ಞಾನ ಪುಸ್ತಕದ ಮೊದಲ ಅಧ್ಯಾಯದಲ್ಲೇ ಒಂದು ಪ್ರಯೋಗ ಬರುತ್ತದೆ. ತಾಮ್ರದ ಸಲ್ಫೇಟ್ ದ್ರಾವಣದಲ್ಲಿ ಕಬ್ಬಿಣದ ಮೊಳೆ ಇಟ್ಟರೆ ಮೊಳೆ ಕಂದಾಗುತ್ತದೆ, ದ್ರಾವಣದ ನೀಲಿ ಮಾಸುತ್ತದೆ. ಹೆಸರು ಸ್ಥಾನಪಲ್ಲಟ ಕ್ರಿಯೆ. ಮಕ್ಕಳು ಸಮೀಕರಣ ಬಾಯಿಪಾಠ ಮಾಡುತ್ತಾರೆ.

ಅದೇ ಮಕ್ಕಳ ಮನೆಯ ದ್ರಾಕ್ಷಿ ತೋಟದಲ್ಲಿ ಅಪ್ಪ ಡ್ರಮ್ಮಿನ ಮುಂದೆ ನಿಂತಿರುತ್ತಾನೆ. ಒಂದು ಕೆ.ಜಿ. ಮೈಲುತುತ್ತ, ಒಂದು ಕೆ.ಜಿ. ಸುಣ್ಣ, ನೂರು ಲೀಟರ್ ನೀರು: ಬೋರ್ಡೋ ದ್ರಾವಣ. ಸಿಂಪಡಿಸುವ ಮುಂಚೆ ಕುಡುಗೋಲಿನ ತುದಿಯನ್ನು ಅದ್ದಿ ತೆಗೆಯುವುದು ವಾಡಿಕೆ. ಅಲಗಿನ ಮೇಲೆ ಕೆಂಪಗೆ ಏನಾದರೂ ಹತ್ತಿದರೆ ಸುಣ್ಣ ಸಾಲದು, ಇನ್ನಷ್ಟು ಹಾಕಬೇಕು. ಹತ್ತದಿದ್ದರೆ ಹದ ಸರಿ.

ಆ ಕೆಂಪು ತಾಮ್ರ. ಕಬ್ಬಿಣ ಅದನ್ನು ದ್ರಾವಣದಿಂದ ಹೊರಗೆಳೆದಿದೆ. ಅಪ್ಪ ಮಾಡಿದ್ದೂ ಮೊದಲ ಅಧ್ಯಾಯದ ಪ್ರಯೋಗವೇ. ಆತನಿಗೆ ಅದು ಅಧ್ಯಾಯ ಎಂದು ಯಾರೂ ಹೇಳಿಲ್ಲ, ಮಗುವಿಗೆ ಅದು ಅಪ್ಪನ ಕೆಲಸ ಎಂದು ಯಾರೂ ಹೇಳಿಲ್ಲ. ಮೈಲುತುತ್ತವೂ ತಾಮ್ರದ ಸಲ್ಫೇಟೂ ಒಂದೇ ಎಂದು ಬೋರ್ಡಿನ ಮೇಲೆ ಬರೆಯಲು ಅರ್ಧ ನಿಮಿಷ ಸಾಕು. ಗೌರಿಬಿದನೂರು, ಚಿಂತಾಮಣಿ ಕಡೆ ಎಷ್ಟೋ ಮನೆಗಳ ಮಾತು ತೆಲುಗು. ಅಲ್ಲೂ ಅದು ಮೈಲುತುತ್ತಮೇ. ಕಂಡದ್ದನ್ನು ಮಗು ಮೊದಲು ಮನೆಮಾತಿನಲ್ಲಿ ಹೇಳಲಿ. ಪುಸ್ತಕದ ಪದ ಆಮೇಲೆ ಬಂದು ಕೂರುತ್ತದೆ.

ಇನ್ನೊಂದು ಪ್ರಯೋಗಕ್ಕೆ ಖರ್ಚೇ ಇಲ್ಲ. ‘ಬೆಂಗಳೂರು ಬ್ಲೂ’ ದ್ರಾಕ್ಷಿಯನ್ನು ಚೆನ್ನಾಗಿ ತೊಳೆದು, ಸಿಪ್ಪೆಯನ್ನು ಬಿಸಿನೀರಿನಲ್ಲಿ ನೆನೆಸಿ, ಬಟ್ಟೆಯಲ್ಲಿ ಸೋಸಿ. ನೇರಳೆ ಬಣ್ಣದ ಆ ನೀರಿಗೆ ನಿಂಬೆರಸ ಬಿದ್ದರೆ ಕೆಂಪು, ಅಡುಗೆ ಸೋಡಾ ಬಿದ್ದರೆ ಹಸಿರಿನತ್ತ ತಿರುಗುತ್ತದೆ. ಲಿಟ್ಮಸ್ ಕಾಗದ ಮುಗಿದಿದೆ ಎಂದು ಪಾಠ ನಿಲ್ಲಿಸಬೇಕಾಗಿಲ್ಲ.

ಎಚ್ಚರ ಮಾತ್ರ ಬೇಕು. ಮೈಲುತುತ್ತದ ನೀಲಿ ಹರಳು ನೋಡಲು ಚೆಂದ, ಹೊಟ್ಟೆಗೆ ವಿಷ. ತರಗತಿಯಲ್ಲಿ ಚಿಟಿಕೆಯಷ್ಟೇ ಸಾಕು, ಅದನ್ನು ಮೇಷ್ಟ್ರೇ ಕರಗಿಸಲಿ. ಸುಣ್ಣ ಕಣ್ಣಿಗೆ ಸಿಡಿದರೆ ದೃಷ್ಟಿಗೇ ಕುತ್ತು. ಮಕ್ಕಳ ಕೈಗೆ ಅದು ಬೇಡ.

> ಕಳ್ಳರಿಗೆ ಹೆದರಿ ಹುಟ್ಟಿದ ಔಷಧಿ
>
> ಫ್ರಾನ್ಸಿನ ಬೋರ್ಡೋ ಸೀಮೆಯಲ್ಲಿ ದಾರಿಹೋಕರು ದ್ರಾಕ್ಷಿ ಕೀಳದಿರಲೆಂದು ರಸ್ತೆ ಬದಿಯ ಬಳ್ಳಿಗಳಿಗೆ ಮೈಲುತುತ್ತ–ಸುಣ್ಣ ಬಳಿಯುತ್ತಿದ್ದರು. ಅಂಥ ಬಳ್ಳಿಗಳಿಗೆ ಡೌನಿ ರೋಗ ಬಂದಿಲ್ಲವೆಂಬುದನ್ನು 1882ರಲ್ಲಿ ಗಮನಿಸಿದವರು ಸಸ್ಯವಿಜ್ಞಾನಿ ಮಿಲಾರ್ಡೆ. 1885ರಲ್ಲಿ ಪ್ರಕಟಿಸಿದರು. ಎಲ್ಲರೂ ಕಂಡಿದ್ದನ್ನು ಅವರು ‘ಯಾಕೆ’ ಎಂದು ಕೇಳಿದರು, ಅಷ್ಟೇ.

ಶಿಡ್ಲಘಟ್ಟದ ಮಗು ಕಾಣದ ಚಿಟ್ಟೆ

ರೇಷ್ಮೆ ಗೂಡಿನ ಮಾರುಕಟ್ಟೆಗೆ ಹೆಸರಾದ ಊರು ಶಿಡ್ಲಘಟ್ಟ. ಇಲ್ಲಿನ ಮಗುವಿಗೆ ರೂಪಪರಿವರ್ತನೆಯ ಪಾಠ ಮಾಡಲು ಹೊರಡುವ ಮೇಷ್ಟ್ರು ಒಮ್ಮೆ ಯೋಚಿಸಬೇಕು. ಮಗುವಿಗೇ ಹೆಚ್ಚು ಗೊತ್ತಿರುತ್ತದೆ. ಚಾಕಿ ಹುಳು ಎಂದರೇನು, ಹುಳು ಎರಡನೇ ಜ್ವರಕ್ಕೆ ಕೂತಾಗ ಸೊಪ್ಪು ಯಾಕೆ ಹಾಕಬಾರದು, ಹಣ್ಣಾದ ಹುಳುವನ್ನು ಯಾವ ಹೊತ್ತಿಗೆ ಗೂಡು ಕಟ್ಟುವ ಚಂದ್ರಿಕೆಗೆ ಬಿಡಬೇಕು, ಎಲ್ಲ ಗೊತ್ತು. ಪುಸ್ತಕ ‘ಪೊರೆ ಕಳಚುವಿಕೆ’ ಎನ್ನುವುದನ್ನೇ ಊರು ‘ಜ್ವರ’ ಎನ್ನುತ್ತದೆ. ನಾಲ್ಕು ಜ್ವರ ದಾಟಿ, ಸುಮಾರು 25 ದಿನದಲ್ಲಿ ಹುಳು ತನ್ನ ಹುಟ್ಟುತೂಕದ ಹತ್ತು ಸಾವಿರ ಪಟ್ಟು ಬೆಳೆಯುತ್ತದೆ. ದಿನಾ ಹತ್ತು ಹುಳು ತೂಗಿ ಗ್ರಾಫ್ ಬರೆದರೆ ಗಣಿತವೂ ಆಯಿತು.

ಈ ಮಗು ಕಾಣದೇ ಉಳಿದಿರುವುದು ಒಂದೇ: ಚಿಟ್ಟೆ. ಗೂಡು ಕಟ್ಟಿದ ಐದಾರು ದಿನಕ್ಕೆ ಅದನ್ನು ಬಿಡಿಸಿ ಮಾರುಕಟ್ಟೆಗೆ ಒಯ್ಯುತ್ತಾರೆ. ಒಳಗಿನ ಕೋಶ ಬಿಸಿಗೆ ಸಾಯುತ್ತದೆ, ನೂಲು ಬಿಚ್ಚುತ್ತದೆ. ಚಿಟ್ಟೆ ಹೊರಬಂದರೆ ಗೂಡು ತೂತಾಗಿ ನೂಲು ಹಾಳು. ಹಾಗಾಗಿ ಲಕ್ಷ ಹುಳು ಸಾಕಿದ ಮನೆಯ ಮಗು ಕೂಡ ಕಥೆಯ ಕೊನೆಯ ಪುಟ ಓದಿರುವುದಿಲ್ಲ.

ನಾಲ್ಕು ಗೂಡು ತಂದು ರಟ್ಟಿನ ಡಬ್ಬಿಯಲ್ಲಿಟ್ಟು, ಬಾಯಿಗೆ ಸೊಳ್ಳೆಪರದೆ ಕಟ್ಟಿ ತರಗತಿಯಲ್ಲಿಡಿ. ಹತ್ತು ಹನ್ನೆರಡು ದಿನ ಕಾದರೆ ಗೂಡಿನ ತುದಿ ಒದ್ದೆಯಾಗುತ್ತದೆ. ಮಂಕು ಬಿಳಿಯ, ಹಾರಲಾರದ, ಏನನ್ನೂ ತಿನ್ನದ ಚಿಟ್ಟೆ ತೆವಳಿ ಹೊರಬರುತ್ತದೆ. ಹೆಣ್ಣು ನಾನೂರು ಐನೂರು ಮೊಟ್ಟೆ ಇಟ್ಟು ಕೆಲವೇ ದಿನಕ್ಕೆ ಸಾಯುತ್ತದೆ. ರೆಕ್ಕೆಯ ಧೂಳು ಕೆಲವರಿಗೆ ಉಬ್ಬಸ ತರಬಲ್ಲದು. ಅದಕ್ಕೇ ಪರದೆ, ಮುಟ್ಟಿದರೆ ಕೈ ತೊಳೆಯುವುದು.

ಕೈ ತೊಳೆಯುವುದನ್ನೂ ಈ ಮಕ್ಕಳಿಗೆ ಹೇಳಿಕೊಡಬೇಕಾಗಿಲ್ಲ. ಹುಳು ಮನೆಗೆ ಕಾಲಿಡುವ ಮುಂಚೆ ಕೈಕಾಲು ತೊಳೆಯಬೇಕು, ಕಂಡವರನ್ನು ಒಳಗೆ ಬಿಡಬಾರದು, ಬೀಡಿ ಹೊಗೆ ಸುಳಿಯಬಾರದು, ಔಷಧಿ ಹೊಡೆದ ಸೊಪ್ಪು ಬರಬಾರದು. ಇವನ್ನು ಹಾಗೇ ಬರೆದು ಪ್ರಯೋಗಶಾಲೆಯ ಬಾಗಿಲಿಗೆ ಅಂಟಿಸಿದರೆ ಸುರಕ್ಷತಾ ನಿಯಮಾವಳಿ ಸಿದ್ಧ. ಶಿಸ್ತು ಮನೆಯಲ್ಲೇ ಇದೆ, ಅದಕ್ಕೆ ಶಾಲೆಯಲ್ಲಿ ಬೆಲೆ ಸಿಗಬೇಕಷ್ಟೆ.

> ಪಾಶ್ಚರ್ ಮತ್ತು ಹುಳು
>
> ಹುಚ್ಚುನಾಯಿ ಲಸಿಕೆಗಿಂತ ಇಪ್ಪತ್ತು ವರ್ಷ ಮೊದಲು, 1865ರಲ್ಲಿ, ಲೂಯಿ ಪಾಶ್ಚರ್ ದಕ್ಷಿಣ ಫ್ರಾನ್ಸಿನ ಆಲೆಸ್‌ಗೆ ಹೋದದ್ದು ರೇಷ್ಮೆ ಹುಳುವಿನ ಪೆಬ್ರಿನ್ ರೋಗ ಪತ್ತೆಗೆ. ಮೊಟ್ಟೆ ಇಟ್ಟ ತಾಯಿ ಚಿಟ್ಟೆಯನ್ನು ಅರೆದು ಸೂಕ್ಷ್ಮದರ್ಶಕದಲ್ಲಿ ನೋಡಿ, ರೋಗವಿದ್ದರೆ ಮೊಟ್ಟೆಯನ್ನೇ ತೆಗೆದುಹಾಕುವ ಅವರ ವಿಧಾನ ಇಂದಿಗೂ ಮೊಟ್ಟೆ ಕೇಂದ್ರಗಳಲ್ಲಿ ನಡೆಯುತ್ತಿದೆ.

ಬಯಲಿನಲ್ಲಿ ನಿಂತ ಕಂಬಗಳು

ಗೌರಿಬಿದನೂರಿನ ನೆಲ ಲೋಕಕ್ಕೆಲ್ಲ ಕಿವಿಗೊಟ್ಟು ಕೂತಿದೆ. 1965ರಲ್ಲಿ ಇಲ್ಲಿ ಈಗಿನ ಭಾಭಾ ಪರಮಾಣು ಸಂಶೋಧನಾ ಕೇಂದ್ರದ ಭೂಕಂಪ ಮಾಪಕಗಳ ಸಾಲು ಬಂತು. ಭೂಕಂಪವಿರಲಿ, ದೂರದೇಶದಲ್ಲಿ ನೆಲದಡಿ ಸಿಡಿದ ಅಣುಬಾಂಬಿರಲಿ, ಇಲ್ಲಿನ ಬಂಡೆಗೆ ತಿಳಿಯುತ್ತದೆ. 1976ರಲ್ಲಿ ಭಾರತೀಯ ಖಭೌತ ಸಂಸ್ಥೆ ಮತ್ತು ರಾಮನ್ ಸಂಶೋಧನಾ ಸಂಸ್ಥೆಗಳ ರೇಡಿಯೊ ದೂರದರ್ಶಕ ಕೆಲಸ ಶುರುಮಾಡಿತು: ‘ಟಿ’ ಆಕಾರದಲ್ಲಿ ಹರಡಿದ ಸಾವಿರ ಆಂಟೆನಾ, 34.5 ಮೆಗಾಹರ್ಟ್ಸ್. ಆ ಅಲೆಯ ಉದ್ದ ಸುಮಾರು 8.7 ಮೀಟರ್. ಎಫ್‌ಎಂ ರೇಡಿಯೊದ ಅಲೆ 3 ಮೀಟರ್ ಆಸುಪಾಸು. ಎರಡನ್ನೂ ಆಟದ ಮೈದಾನದಲ್ಲಿ ಸುಣ್ಣದ ಗೆರೆ ಎಳೆದು ತೋರಿಸಿದರೆ ‘ತರಂಗಾಂತರ’ ಎಂಬ ಪದ ಕಾಲಿಗೆ ಸಿಗುತ್ತದೆ.

ಭೂಕಂಪ ಮಾಪಕವನ್ನೂ ತರಗತಿಯಲ್ಲೇ ಮಾಡಬಹುದು. ಬೆಂಚಿಗೆ ಕಟ್ಟಿದ ದಾರದಲ್ಲಿ ತೂಗುವ ಕಲ್ಲು, ಅದಕ್ಕೆ ಕಟ್ಟಿದ ಸ್ಕೆಚ್ ಪೆನ್ನು, ಕೆಳಗೆ ನಿಧಾನ ಎಳೆಯುವ ಕಾಗದ. ಬೆಂಚು ಅಲ್ಲಾಡಿಸಿದರೆ ಗೆರೆ ಕುಣಿಯುತ್ತದೆ. ಕಲ್ಲು ಮುಷ್ಟಿಗಿಂತ ಚಿಕ್ಕದಿರಲಿ, ಕಾಲ ಮೇಲೆ ಬಿದ್ದರೂ ಅಳು ಬರಬಾರದು.

> ನೆರಳು ಮಾಯವಾಗುವ ಹೊತ್ತು
>
> ಏಪ್ರಿಲ್ ಕೊನೆಯ ವಾರ ಒಮ್ಮೆ, ಆಗಸ್ಟ್ ನಡುವಿನಲ್ಲಿ ಇನ್ನೊಮ್ಮೆ, ಮಧ್ಯಾಹ್ನ 12.20ರ ಆಸುಪಾಸಿಗೆ ಸೂರ್ಯ ಈ ಜಿಲ್ಲೆಯ ನೆತ್ತಿಯ ಮೇಲೆ ಬರುತ್ತಾನೆ. ನೆಟ್ಟಗೆ ನಿಲ್ಲಿಸಿದ ಲೋಟದ ನೆರಳು ಅದರ ಬುಡದಲ್ಲೇ ಅಡಗುತ್ತದೆ. ಏಪ್ರಿಲ್ಲಿನಲ್ಲಿ ರಜೆ, ಆಗಸ್ಟಿನಲ್ಲಿ ಮೋಡ ಬಿಟ್ಟರೆ ಶಾಲೆಯಲ್ಲೇ ನೋಡಬಹುದು. ನೋಡಬೇಕಾದದ್ದು ನೆಲದ ನೆರಳನ್ನು; ಸೂರ್ಯನನ್ನಲ್ಲ.

ಶಾಯಿ ಹಚ್ಚಿದ ಬೆರಳು

ತೊಂಬತ್ತೇಳರ ಆ ದಿನ ಇನ್ನೊಂದೂ ಆಗಿತ್ತು. ದೀಪ ಆರುವ ಹಾಗಿದೆ ಎಂದು ಮೇಷ್ಟ್ರು ಉರಿಯುತ್ತಿದ್ದ ದೀಪಕ್ಕೇ ಸ್ಪಿರಿಟ್ ಸುರಿದರು. ಭಗ್ಗೆಂದು ಎದ್ದ ಜ್ವಾಲೆ ಮುಂದೆ ನಿಂತ ಹುಡುಗನ ಎರಡು ಬೆರಳು ಸುಟ್ಟಿತು. ಯಾರೋ ಓಡಿ ಬಂದು ಪೆನ್ನಿನ ಶಾಯಿ ಬಳಿದರು. ಮರುದಿನದಿಂದ ಬೀರುವಿಗೆ ಮತ್ತೆ ಬೀಗ.

ಅವಘಡಕ್ಕೆ ನಾವು ಕಂಡುಕೊಂಡ ಪರಿಹಾರ ಸಾಮಾನ್ಯವಾಗಿ ಈ ಬೀಗವೇ. ಪ್ರಯೋಗವೇ ಇಲ್ಲದಿದ್ದರೆ ಅಪಾಯವೂ ಇಲ್ಲ. ಆದರೆ ಬೀಗ ಹಾಕಿದ ಬೀರುವಿನ ಮುಂದೆ ಬೆಳೆದ ಮಗು ಮುಂದೆ ತೋಟದಲ್ಲಿ ಔಷಧಿ ಕಲಸುತ್ತದೆ, ನೂಲು ಬಿಚ್ಚುವ ಫಿಲೇಚರಿನಲ್ಲಿ ಕುದಿನೀರಿಗೆ ಕೈ ಹಾಕುತ್ತದೆ, ಬ್ಲೀಚಿಂಗ್ ಪುಡಿಗೆ ಟಾಯ್ಲೆಟ್ ಆ್ಯಸಿಡ್ ಬೆರೆಸಿ ಕ್ಲೋರಿನ್ ಉಸಿರಾಡುತ್ತದೆ. ಎಚ್ಚರ ಕಲಿಯಲು ಅದಕ್ಕೆ ಸಿಕ್ಕಿದ್ದ ಜಾಗ ತರಗತಿ ಒಂದೇ.

> ಮೇಷ್ಟ್ರ ಜೇಬಿನ ಚೀಟಿ
>
> • ಉರಿಯುವ ದೀಪಕ್ಕೆ ಸ್ಪಿರಿಟ್ ಹಾಕಬೇಡಿ. ಇಂಡಕ್ಷನ್ ಒಲೆ, ಸ್ಟೀಲ್ ಪಾತ್ರೆ ಇದ್ದರೆ ದೀಪವೇ ಬೇಡ.
> • ಆ್ಯಸಿಡ್ಡನ್ನು ನೀರಿಗೆ ಹಾಕಿ. ನೀರನ್ನು ಆ್ಯಸಿಡ್ಡಿಗೆ ಅಲ್ಲ.
> • ಪಾದರಸದ ಬದಲು ಕೆಂಪು ದ್ರವದ ಥರ್ಮಾಮೀಟರ್. ಕೈಯಲ್ಲಿ ಹಿಡಿಯದೆ ದಾರದಲ್ಲಿ ತೂಗಿಬಿಡಿ, ತಳ ಮುಟ್ಟದಿರಲಿ.
> • ವಸ್ತುಪ್ರದರ್ಶನದ ‘ಜ್ವಾಲಾಮುಖಿ’ಗೆ ಅಮೋನಿಯಂ ಡೈಕ್ರೊಮೇಟ್ ಬೇಡ, ಅದು ಕ್ಯಾನ್ಸರ್‌ಕಾರಕ. ಅಡುಗೆ ಸೋಡಾ, ನಿಂಬೆರಸ ಸಾಕು.
> • ವಿದ್ಯುತ್ತಿನ ಪಾಠಕ್ಕೆ ಟಾರ್ಚ್ ಸೆಲ್ಲು. ಗೋಡೆಯ ಪ್ಲಗ್ಗು ಎಂದೂ ಬೇಡ.
> • ಜಡೆ, ದುಪಟ್ಟ ಕಟ್ಟಿರಲಿ. ಮರಳಿನ ಬಕೆಟ್ಟು, ನಲ್ಲಿ ಹತ್ತಿರವಿರಲಿ.
> • ಸುಟ್ಟರೆ 20 ನಿಮಿಷ ತಣ್ಣೀರಿನ ಧಾರೆ. ಶಾಯಿ, ಪೇಸ್ಟು, ಎಣ್ಣೆ ಏನೂ ಹಚ್ಚಬೇಡಿ.

ಚರ್ಮದ ಮೇಲೆ ಕಾಣದ ಗಾಯಗಳೂ ಇವೆ. ಈ ಜಿಲ್ಲೆಯ ಹಲವು ಕಡೆ ಕೊಳವೆಬಾವಿ ನೀರಿನಲ್ಲಿ ಹಲ್ಲು ಹಳದಿಯಾಗಿಸುವ ಫ್ಲೋರೈಡ್ ಜಾಸ್ತಿ. ಕುಡಿಯುವ ನೀರಿನ ಮಾನದಂಡ ಲೀಟರಿಗೆ 1 ಮಿಲಿಗ್ರಾಂ, ಬೇರೆ ದಾರಿ ಇಲ್ಲದಿದ್ದರೆ 1.5. ಪರೀಕ್ಷಾ ಕಿಟ್ ತಂದು ಬೇರೆಬೇರೆ ಓಣಿಯ ನೀರಿನ ಬಣ್ಣ ಹೋಲಿಸುವುದು ಒಳ್ಳೆಯ ಪಾಠ. ಕಿಟ್ಟಿನ ದ್ರಾವಣ ಮೇಷ್ಟ್ರ ಕೈಯಲ್ಲಿರಲಿ. ಆದರೆ “ಯಾರ ಹಲ್ಲು ಹಳದಿ, ಎದ್ದು ನಿಲ್ಲಿ” ಎಂದು ಲೆಕ್ಕ ಹಾಕಿದರೆ, ನಿಂತ ಮಗು ಆಮೇಲೆ ಬಾಯಿ ತೆರೆಯುವುದಿಲ್ಲ. ಆ್ಯಸಿಡ್ ಚೆಲ್ಲುವುದಕ್ಕಿಂತ ಇದು ಚಿಕ್ಕ ಅವಘಡವಲ್ಲ.

ವ್ಯಾನ್ ಹೋದ ಮೇಲೆ

ಇಂಥ ಕಲಿಕೆಗೆ ದಾರಿ ಮಾಡಿದವರು ಇದ್ದಾರೆ. 1978ರಲ್ಲಿ ಹೊರಟ ‘ಬಾಲ ವಿಜ್ಞಾನ’ ಮಾಸಪತ್ರಿಕೆ ಕನ್ನಡದ ಮಕ್ಕಳ ಕೈಗೆ ವಿಜ್ಞಾನ ಕೊಟ್ಟಿತು. ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತು ಅದನ್ನು ನಡೆಸಿಕೊಂಡು ಬಂತು. ಕೋಲಾರದ ಗಡಿಯಾಚೆ, ಕುಪ್ಪಂ ಬಳಿ 172 ಎಕರೆಯಲ್ಲಿರುವ ಅಗಸ್ತ್ಯ ಪ್ರತಿಷ್ಠಾನ 1999ರಲ್ಲಿ ಶುರುವಾಗಿ ವ್ಯಾನಿನಲ್ಲಿ, ಬೈಕಿನಲ್ಲಿ ಪ್ರಯೋಗಾಲಯವನ್ನೇ ಹಳ್ಳಿ ಶಾಲೆಗೆ ಒಯ್ಯುತ್ತಿದೆ. ಜಕ್ಕೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ಸಿ.ಎನ್.ಆರ್. ರಾವ್ ಶಾಲಾಮಕ್ಕಳಿಗೂ ಮೇಷ್ಟ್ರುಗಳಿಗೂ ಜಾಗ ಮಾಡಿಕೊಟ್ಟರು.

ಆದರೆ ವ್ಯಾನ್ ಬಂದ ದಿನ ಹಬ್ಬ, ಮರುದಿನ ಮತ್ತೆ ನೋಟ್ಸು. ಉಳಿದ ಇನ್ನೂರು ಚಿಲ್ಲರೆ ದಿನ ತರಗತಿಯಲ್ಲಿರುವುದು ಒಬ್ಬ ಮೇಷ್ಟ್ರು, ಒಬ್ಬ ಮಿಸ್ಸು. ಅವರ ಮುಂದೆ ಒಂದು ಕುಡುಗೋಲು, ನಾಲ್ಕು ಗೂಡು, ಒಂದು ಲೋಟ ಇದ್ದರೆ ಪ್ರಯೋಗ ನಡೆಯುತ್ತದೆ. ಅದು ವಿಜ್ಞಾನವಾಗುವುದು ರೆಕಾರ್ಡ್ ಪುಸ್ತಕದಲ್ಲಿ ಏನು ಬರೆಯಲು ಬಿಡುತ್ತಾರೆ ಎಂಬುದರ ಮೇಲೆ.

ಒಂದು ಸಣ್ಣ ಬದಲಾವಣೆ ಸಾಕು. ಆ ಪುಸ್ತಕದಲ್ಲಿ ಉದ್ದೇಶ, ಉಪಕರಣ, ವಿಧಾನ, ತೀರ್ಮಾನ ಎಂಬ ಕಾಲಮ್ಮುಗಳಿವೆ. ಇನ್ನೊಂದು ಸೇರಿಸಿ: ಊರು.

ಊರು: ಚಿಕ್ಕಬಳ್ಳಾಪುರ. ನೀರು ಕುದಿದದ್ದು: 97.

ಪಕ್ಕದಲ್ಲಿ ಕೆಂಪು ಶಾಯಿಯ ರೈಟ್ ಮಾರ್ಕ್ ಬೇಡ. ‘ಯಾಕೆ?’ ಎಂದು ಬರೆದು ಪುಸ್ತಕ ವಾಪಸ್ ಕೊಡಿ.